ಹೊಟ್ಟೆಜಾಲಿಯ ಇರುವೆಗಳು ಅಂಜೂರದ ತೋಟಕ್ಕೆ ಬಂದ ವರ್ಷ

ಹೊಟ್ಟೆಜಾಲಿಯ ಮುಳ್ಳಿಗೆ ನಿಜವಾಗಿಯೂ ಹೊಟ್ಟೆ ಇರುತ್ತದೆ. ಎತ್ತಿನ ಕೋಡಿನ ಹಾಗೆ ಜೋಡಿಯಾಗಿ ಚಾಚಿಕೊಂಡಿರುವ ಮುಳ್ಳು. ಬುಡದಲ್ಲಿ ಬೆರಳಿನಷ್ಟು ದಪ್ಪ, ಬಣ್ಣ ದಂತದ ಬಿಳುಪು. ಒಡೆದು ನೋಡಿದರೆ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಇರುವೆ ಸಂಸಾರ ಮಾಡುತ್ತವೆ. ಕುರುಗೋಡಿನ ಗುಡ್ಡದ ಮೇಲೆ ಆಡು ಕಾಯ್ದವರಿಗೆಲ್ಲ ಇದು ಗೊತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮೂರ ಮಕ್ಕಳು ಮಣ್ಣಿನ ಎತ್ತುಗಳಿಗೆ ಇದೇ ಮುಳ್ಳನ್ನು ಕೋಡು ಮಾಡಿ ಚುಚ್ಚುತ್ತಿದ್ದರು. ಆದರೆ ಗೊತ್ತಿರುವುದು ಬೇರೆ, ಕೂತು ನೋಡುವುದು ಬೇರೆ. ನಾನು ಕೂತು ನೋಡಿದ್ದು ಒಂದೇ ವರ್ಷ, ಅದೂ ಬೇರೆ ದಾರಿ ಇಲ್ಲದೆ. ಆ ಕೆಲಸವನ್ನಷ್ಟೇ ಇಲ್ಲಿ ಬರೆಯುತ್ತೇನೆ. ಸಾಲಿಯಲ್ಲಿ ಎರಡು ವರ್ಷ ಕೂತವಳು ನಾನು. ಬರವಣಿಗೆ ಸೊಟ್ಟಗಿದ್ದರೆ ಓದುವವರು ನೆಟ್ಟಗೆ ಮಾಡಿಕೊಳ್ಳಲಿ.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿದ್ದಿರಬೇಕು. ನಾವಿನ್ನೂ ಮದ್ರಾಸಿನ ಕೆಳಗೇ ಇದ್ದೆವು. ಹೊಸಪೇಟೆಯ ಹತ್ತಿರ ಡ್ಯಾಮು ಏಳುತ್ತಿತ್ತು. ಕುರುಗೋಡಿನಲ್ಲಿ ಗುಡ್ಡದ ಬುಡಕ್ಕೆ ಗೌಡರದೊಂದು ಅಂಜೂರದ ತೋಟ. ಅದನ್ನು ಪಾಲಿಗೆ ಮಾಡುತ್ತಿದ್ದವನು ನನ್ನ ಗಂಡ. ಅವನು ತೀರಿಕೊಂಡ ಮೇಲೆ ನಾನು ಮತ್ತು ನನ್ನ ಅತ್ತೆ ಮಾಡುತ್ತಿದ್ದೆವು. ತೋಟದೊಳಗಿನ ಜೋಪಡಿಯಲ್ಲೇ ನಾವಿಬ್ಬರೂ ನನ್ನ ಎರಡು ಹೆಣ್ಣು ಮಕ್ಕಳೂ ಇರುತ್ತಿದ್ದೆವು. ತೋಟ ಹೋದರೆ ಮನೆಯೂ ಹೋದ ಹಾಗೆ.

ಗೌಡರು ಕೆಟ್ಟವರಲ್ಲ. ಆದರೆ ಕಾಲುವೆ ಬರುತ್ತದೆ ಎಂಬ ಮಾತು ಅವರ ತಲೆ ಹೊಕ್ಕಿತ್ತು. ಮಳೆಗಾಲ ಮುಗಿದು, ನಾವು ಗಿಡಗಳ ಟೊಂಗೆ ಸವರುತ್ತಿದ್ದಾಗ ಬದುವಿನ ಮೇಲೆ ಬಂದು ನಿಂತು ಹೇಳಿದರು.

"ನೋಡವ್ವ, ನೀರು ಬಂದಮ್ಯಾಲೆ ಇಲ್ಲಿ ಭತ್ತ ಹಾಕೋದು ಅಂತ ನನ್ನ ಮನಸ್ಸಿನಾಗ ಐತಿ. ಈ ಸಲದ ಹಣ್ಣು ನೋಡ್ತೀನಿ. ಚಲೋ ಬಂತು, ತೋಟ ಇರ್ಲಿ, ನೀನೂ ಇರು. ಇಲ್ಲಾ, ಶಿವರಾತ್ರಿ ಆದ ಕೂಡ್ಲೇ ಕೊಡ್ಲಿ ಹಿಡ್ಕೊಂಡು ಮಂದಿ ಬರ್ತಾರ. ಆಗ ಅತ್ತು ಕರೆದು ಮಾಡಬ್ಯಾಡ."

"ಅಳಾಕ ನನಗ ಹೊತ್ತಿಲ್ರಿ ಗೌಡ್ರೇ," ಅಂದೆ. "ಮೊದ್ಲು ಬೇಲಿಗೆ ಮುಳ್ಳು ಕಳಸ್ರಿ. ಹಂದಿ ಬರಾಕತ್ತಾವ."

ತೋಟಕ್ಕೆ ಎರಡು ಕಡೆ ಕಲ್ಲಿನ ಗೋಡೆ, ಎರಡು ಕಡೆ ಮುಳ್ಳಿನ ಬೇಲಿ. ಹಳೆಯ ಬೇಲಿ ಗೆದ್ದಲು ತಿಂದು ಕುಸಿದಿತ್ತು. ಮುಳ್ಳು ತರಿಸುವ ಕೆಲಸ ಗೌಡರ ತಮ್ಮನದು. ಅವನಿಗೆ ಬಂಡಿಗಳ ಅವಸರ. ಮರುದಿನ ಅವು ಭತ್ತದ ಕೊಯ್ಲಿಗೆ ಸಿರುಗುಪ್ಪದ ಬಯಲಿಗೆ ಹೋಗಬೇಕಿತ್ತು, ಅಲ್ಲಿಂದ ಡ್ಯಾಮಿನ ಕಲ್ಲು ಹೊರಲು. ಹಾಗಾಗಿ ಗುಡ್ಡದಲ್ಲಿ ಬೆಳಗ್ಗೆ ಕಡಿಸಿದ ಹೊಟ್ಟೆಜಾಲಿಯನ್ನು ಸಂಜೆಗೇ ಹಸಿಹಸಿಯಾಗಿ ತಂದು ನಮ್ಮ ತೋಟದ ಅಂಚಿಗೆ ಸುರಿದು ಹೋದ. ಬೇರೆ ವರ್ಷ ಗುಡ್ಡದಲ್ಲೇ ಒಣಗಿಸಿ ತರುತ್ತಿದ್ದರು, ಈ ಸಲ ಎಲೆಯೂ ಬಾಡಿರಲಿಲ್ಲ.

ಮರುದಿನ ನಾನೂ ಅತ್ತೆಯೂ ಬೇಲಿ ಹಾಕಿದೆವು. ಕಾಲಿಗೆ ದಪ್ಪ ಕೆರ ಹಾಕಿಕೊಂಡು, ಕವೆಗೋಲಿನಿಂದ ಟೊಂಗೆಯನ್ನು ಎತ್ತಿ, ಬುಡ ಒಳಗೆ ತುದಿ ಹೊರಗೆ ಇಟ್ಟು, ಮೇಲಿನಿಂದ ಅದುಮುತ್ತಾ ಹೋಗಬೇಕು. ಅದುಮಿದಾಗಲೆಲ್ಲ ಮುಳ್ಳಿನ ತುದಿಯ ಹತ್ತಿರದ ತೂತಿನಿಂದ ಇರುವೆ ಸುರಿಯುತ್ತಿದ್ದವು. ಎಳ್ಳಿಗಿಂತ ತುಸು ದೊಡ್ಡವು, ಕಪ್ಪು. ಸಿಟ್ಟು ಬಂದರೆ ಹಿಂಭಾಗವನ್ನು ಚೇಳಿನ ಹಾಗೆ ತಲೆಯ ಮೇಲಕ್ಕೆ ಎತ್ತುವ ಜಾತಿ. ಮೊಣಕೈವರೆಗೂ ಕಚ್ಚಿದವು.

"ಹಸೀ ಮುಳ್ಳಿನಾಗ ಇವು ಜೀವಂತ ಬಂದಾವಲ್ಲಬೇ," ಅಂದಳು ಅತ್ತೆ.

"ಬಿಸಿಲಿಗೆ ಸಾಯ್ತಾವ ಬಿಡು," ಅಂದೆ.

ಸಾಯಲಿಲ್ಲ. ಎಲೆ ಒಣಗಿ ಉದುರಿದ ಮೇಲೆ ಬೇಲಿಯ ಗುಂಟ ಕಪ್ಪು ಸಾಲು ಹರಿಯತೊಡಗಿತು. ಬಾಯಲ್ಲಿ ಅಕ್ಕಿನುಚ್ಚಿನಂಥ ಬಿಳಿ ಮರಿಗಳು. ಬೇಲಿಯ ಪಕ್ಕದ ಅಂಜೂರದ ಸಾಲಿನ ಟೊಂಗೆಗಳು ಬೇಲಿಗೆ ತಾಗುತ್ತಿದ್ದವು. ಆ ಟೊಂಗೆಗಳ ಮೇಲೆ ನಡೆದು ಗಿಡಕ್ಕೆ ಹೋದವು. ಅಂಜೂರದ ಕಾಂಡಕ್ಕೆ ಕೊರಕ ಹುಳು ಬೀಳುತ್ತದೆ. ಹುಳು ಹೋದರೂ ತೂತು ಉಳಿಯುತ್ತದೆ. ಇರುವೆಗಳಿಗೆ ಅಂಥ ತೂತು ಬೇಕಾಗಿತ್ತು, ಹೊಕ್ಕವು.

ಬರೀ ಹೊಕ್ಕಿದ್ದರೆ ನನಗೇನೂ ನಷ್ಟವಿರಲಿಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ಎಳೆಯ ಕಾಯಿಗಳ ತೊಟ್ಟಿನಲ್ಲಿ ಹಿಟ್ಟಿನ ಹುಳು ಕಾಣಿಸಿತು. ಮೈಗೆ ಜೋಳದ ಹಿಟ್ಟು ಬಳಿದುಕೊಂಡ ಹಾಗಿರುವ, ಜಾಗ ಬಿಟ್ಟು ಕದಲದ ಹುಳು. ಹಿಂದೆಯೂ ಅಲ್ಲೊಂದು ಇಲ್ಲೊಂದು ಬರುತ್ತಿತ್ತು, ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ಬೇಲಿಯ ಕಡೆಯ ಗಿಡಗಳಲ್ಲಿ ಎಲೆಯ ಮೇಲೆಲ್ಲ ಜಿಗಿಜಿಗಿ ಅಂಟು, ಅಂಟಿನ ಮೇಲೆ ಕಾಡಿಗೆಯಂಥ ಮಸಿ. ಕಾಯಿ ಮುದುಡಿ ಉದುರತೊಡಗಿದವು. ಬೇಲಿಯಿಂದ ಒಳಕ್ಕೆ ರೋಗ ಒಂದೊಂದೇ ಸಾಲು ಹಿಡಿಯುತ್ತಾ ಬಂತು.

ಗೌಡರು ಒಂದು ದಿನ ಬಂದು ಎಲೆ ಮುಟ್ಟಿ ನೋಡಿ, ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಹೊರಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸಂಕ್ರಾಂತಿ ಆದ ಮೇಲೆ ಬೇಸಾಯದ ಇಲಾಖೆಯವನೊಬ್ಬ ಸೈಕಲ್ಲಿನಲ್ಲಿ ಬಂದ. ಬಳ್ಳಾರಿಯಿಂದ ಹಳ್ಳಿಗಳಿಗೆ ಹೋಗಿ ಹತ್ತಿ, ಜೋಳದ ಬೀಜದ ಬಗ್ಗೆ ಹೇಳುವುದು ಅವನ ಕೆಲಸ. ಮನೆಮಾತು ತೆಲುಗು. ಒಳ್ಳೆಯ ಮನುಷ್ಯ, ಮಣ್ಣಿನಲ್ಲಿ ಮೊಣಕಾಲೂರಿ ಕೂತು ನೋಡಿದ. ಹೊಗೆಸೊಪ್ಪನ್ನು ನೀರಿನಲ್ಲಿ ಕುದಿಸಿ, ಸೋಸಿ, ಬಾರ್ ಸೋಪು ಕರಗಿಸಿ, ಬಟ್ಟೆಯಲ್ಲಿ ಅದ್ದಿ ತೊಟ್ಟು ತೊಟ್ಟು ಒರೆಸಲು ಹೇಳಿದ. ನಾನೂ ಅತ್ತೆಯೂ ಹಾಗೇ ಮಾಡಿದೆವು. ಅಂಜೂರದ ಹಾಲು ತಾಗಿ ಬೆರಳ ಸಂದಿಯಲ್ಲಿ ಚರ್ಮ ಸುಲಿಯಿತು. ಹುಳು ಸತ್ತವು. ಮುಂದಿನ ಸಂತೆ ಬರುವ ಹೊತ್ತಿಗೆ ಮತ್ತೆ ಇದ್ದವು.

ಅವನು ಎರಡನೆಯ ಸಲ ಬಂದಾಗ ನಾನು ಒಂದು ಟೊಂಗೆ ತೋರಿಸಿದೆ. ಒಂದು ಇರುವೆ ಹಿಟ್ಟಿನ ಹುಳುವಿನ ಮರಿಯನ್ನು ಬಾಯಲ್ಲಿ ಹಿಡಿದುಕೊಂಡು, ಒರೆಸಿದ ತೊಟ್ಟಿಗೆ ತಂದು ಇಡುತ್ತಿತ್ತು.

"ಅದೇ ನೋಡಮ್ಮಾ," ಅಂದ ಅವನು. "ಈ ಚೀಮಲು, ಅಂದ್ರೆ ಇರುವೆ, ದನ ಕಾಯೋರು ಇದ್ದಂಗೆ. ಹುಳು ಅವುಗಳ ಹಸು. ಹುಳು ಬಿಡೋ ಸಿಹಿನೀರು ಕುಡಿತಾವೆ, ಅದಕ್ಕೇ ಕಾಯ್ತಾವೆ. ಕಾಯೋರು ಇರೋತನಕ ನೀನು ಎಷ್ಟು ಒರೆಸಿದ್ರೂ ಅಷ್ಟೇ."

ಔಡಲೆಣ್ಣೆಯಲ್ಲಿ ರಾಳ ಕುದಿಸಿ ಅಂಟು ಮಾಡುವುದನ್ನು ಅವನೇ ಕಲಿಸಿದ. ಅದನ್ನು ಬಟ್ಟೆಗೆ ಬಳಿದು ಪ್ರತಿ ಗಿಡದ ಬುಡಕ್ಕೆ ಸುತ್ತಿದೆವು. ಬೇಲಿಗೆ ತಾಗುವ ಟೊಂಗೆಗಳನ್ನು ಕತ್ತರಿಸಿದೆವು. ಹೊಸ ಇರುವೆ ಹತ್ತುವುದು ನಿಂತಿತು. ಆದರೆ ಈಗಾಗಲೇ ತೂತಿನಲ್ಲಿ ಮನೆ ಮಾಡಿದ್ದವು ಮೇಲೇ ಉಳಿದವು. ಕೆಳಗಿಳಿಯಲು ದಾರಿಯಿಲ್ಲವಾದ ಮೇಲೆ ಇನ್ನೂ ಜೋರಾಗಿ ಹುಳು ಕಾಯತೊಡಗಿದವು.

"ಒಳಗಿರೋವನ್ನ ಹೊರಗೆ ಹಾಕೋದು ನನಗೂ ಗೊತ್ತಿಲ್ಲಮ್ಮಾ," ಅಂದ ಇಲಾಖೆಯವನು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವನ ಮೇಲೆ ನನಗೆ ಮರ್ಯಾದೆ. "ಪುಸ್ತಕದಲ್ಲಿ ಈ ಮುಳ್ಳಿನ ಇರುವೆ ಮಾತು ನಾನು ಓದಿಲ್ಲ. ಗುಡ್ಡದಲ್ಲಿ ಅವು ಹೆಂಗಿರ್ತಾವೆ, ಯಾವಾಗ ಮನೆ ಬಿಡ್ತಾವೆ, ಅದನ್ನ ನೋಡಿದ್ರೆ ಏನಾದ್ರೂ ಹೊಳೀಬಹುದು. ನಾನು ಬರ್ತಿದ್ದೆ, ಆದ್ರೆ ನಾಳೆ ಸಂಗನಕಲ್ಲಿಗೆ ಹೋಗಬೇಕು, ಹತ್ತಿಬೀಜ ಹಂಚೋದದೆ."

ಹಾಗೆ ನಾನು ಗುಡ್ಡ ಹತ್ತಿದೆ. ಅತ್ತೆಗೆ ಸೌದೆ ತರುತ್ತೇನೆ ಅಂದೆ. ಇರುವೆ ನೋಡಲು ಹೋಗುತ್ತೇನೆ ಅಂದರೆ ಮನೆಯಲ್ಲಿ ಯಾರು ಬಿಡುತ್ತಾರೆ?

ನಮ್ಮ ಗುಡ್ಡದಲ್ಲಿ ಮರಕ್ಕಿಂತ ಬಂಡೆ ಹೆಚ್ಚು. ಬಂಡೆಗಳ ನಡುವಿನ ಮಣ್ಣಿನಲ್ಲಿ ಕಾರೆ, ಬಾರೆಯಂಥ ಮುಳ್ಳುಗಿಡ, ಹೊಟ್ಟೆಜಾಲಿ. ಹೊಟ್ಟೆಜಾಲಿ ಎತ್ತರ ಬೆಳೆಯುವುದಿಲ್ಲ, ಕೊಡೆ ಬಿಚ್ಚಿದ ಹಾಗೆ ಅಗಲಕ್ಕೆ ಹರಡುತ್ತದೆ. ಒಂದು ಗಿಡದ ಪಕ್ಕ ನೆರಳಿರುವ ಬಂಡೆ ನೋಡಿಕೊಂಡು ಕೂತೆ. ಮೊದಲ ದಿನ ಏನೂ ಕಾಣಲಿಲ್ಲ, ಯಾಕೆಂದರೆ ನಾನು ತೀರಾ ಹತ್ತಿರ ಕೂತಿದ್ದೆ. ಉಸಿರು ತಾಗಿದರೆ ಸಾಕು, ಮುಳ್ಳಿನಿಂದ ಹೊರಗೆ ಬಂದು ಬಾಲ ಎತ್ತಿ ನಿಲ್ಲುತ್ತಿದ್ದವು. ಅದು ಅವುಗಳ ಜಗಳದ ರೂಪ, ದಿನನಿತ್ಯದ ರೂಪವಲ್ಲ. ಮರುದಿನದಿಂದ ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡು, ಗಾಳಿ ನನ್ನ ಮುಖಕ್ಕೆ ಬೀಸುವ ಕಡೆ ಕೂತೆ. ಆಗ ಅವು ನನ್ನನ್ನು ಮರೆತವು.

ಕಂಡದ್ದು ಇಷ್ಟು. ಎಲ್ಲ ಮುಳ್ಳಿಗೂ ಹೊಟ್ಟೆ ಇರುವುದಿಲ್ಲ. ತೆಳ್ಳನೆಯ ಮುಳ್ಳೂ ಇರುತ್ತವೆ, ಅವುಗಳಲ್ಲಿ ಯಾರೂ ಇಲ್ಲ. ಹೊಟ್ಟೆ ಇರುವವುಗಳಲ್ಲಿ ಕೆಲವಕ್ಕೆ ತೂತಿಲ್ಲ. ತೂತಿರುವವನ್ನು ಒಡೆದು ನೋಡಿದರೆ ಒಂದರಲ್ಲಿ ಮರಿಗಳು, ಇನ್ನೊಂದರಲ್ಲಿ ಬರೀ ದೊಡ್ಡವು, ಮತ್ತೊಂದರಲ್ಲಿ ಕಸ. ನಾವು ಅಡುಗೆಮನೆ, ದನದ ಕೊಟ್ಟಿಗೆ ಬೇರೆ ಬೇರೆ ಇಡುವುದಿಲ್ಲವೇ, ಹಾಗೆ. ಎಲೆಯ ತೊಟ್ಟಿನ ಮೇಲೆ ಸಾಸಿವೆಗಿಂತ ಸಣ್ಣ ಗಂಟೊಂದಿರುತ್ತದೆ. ಬೆಳಗಿನ ಹೊತ್ತು ಅದರಲ್ಲಿ ಹನಿ ಹೊಳೆಯುತ್ತದೆ. ಇರುವೆ ಗಂಟಿನಿಂದ ಗಂಟಿಗೆ ಹೋಗಿ ಕುಡಿಯುತ್ತವೆ. ನಾಲಿಗೆಗೆ ಹಚ್ಚಿ ನೋಡಿದೆ, ಸಿಹಿ. ಗಿಡವೇ ಅವುಗಳಿಗೆ ಮನೆಯನ್ನೂ ಊಟವನ್ನೂ ಕೊಡುತ್ತಿತ್ತು. ಅದಕ್ಕೇ ಅವು ನೆಲಕ್ಕೆ ಇಳಿಯುವುದು ಕಡಿಮೆ. ನಮ್ಮ ತೋಟದಲ್ಲಿ ಆ ಗಂಟಿನ ನೀರು ಇರಲಿಲ್ಲ, ಹುಳುವನ್ನು ಕಟ್ಟಿಕೊಂಡವು. ಹೊಟ್ಟೆಗಿಲ್ಲದವರು ಏನು ಮಾಡುತ್ತಾರೋ ಅದನ್ನೇ ಮಾಡಿದ್ದವು.

ಆಡು ಕಾಯುವ ಒಬ್ಬ ಮುದುಕಿ ದಿನವೂ ಆ ದಾರಿಯಲ್ಲಿ ಬರುತ್ತಿದ್ದಳು. ಮೂರು ದಿನ ನೋಡಿ ನಾಲ್ಕನೆಯ ದಿನ ನಿಂತಳು.

"ಏನ್ ಮಾಡಾಕತ್ತೀಯಬೇ ಇಲ್ಲಿ?"

"ಇರಿವಿ ನೋಡಾಕತ್ತೀನಿ."

"ನಿಮ್ಮ ಮನ್ಯಾಗ ಇಲ್ಲೇನು ಇರಿವಿ?"

"ಅದಾವ. ಅದಕ್ಕ ಬಂದೀನಿ."

ಮುದುಕಿ ನನ್ನ ಕಣ್ಣನ್ನು ಬಗ್ಗಿ ನೋಡಿದಳು. "ಗಂಡ ಸತ್ತ ಮ್ಯಾಲೆ ಕೆಲವ್ರಿಗೆ ಹಿಂಗಾಗತೈತಿ," ಅಂದಳು. "ನಮ್ಮ ನೆಗೆಣ್ಣಿ ಒಬ್ಬಾಕಿ ಕಲ್ಲಿನ ಕೂಡ ಮಾತಾಡ್ತಿದ್ಲು."

"ಕಲ್ಲು ಏನಂತಿತ್ತು?"

"ಏನಂತೈತಿ, ಸುಮ್ನಿರ್ತಿತ್ತು." ನಕ್ಕಳು. ಅವಳ ಆಡೊಂದು ಅಷ್ಟರಲ್ಲಿ ಗಿಡದ ಚಿಗುರಿಗೆ ಬಾಯಿ ಹಾಕಿತು. ಎರಡು ಎಲೆ ತಿನ್ನುವುದರೊಳಗೆ ಮೂಗಿನ ಮೇಲೆಲ್ಲ ಇರುವೆ. ಆಡು ಸೀನುತ್ತಾ, ತಲೆ ಕೊಡವುತ್ತಾ ಓಡಿತು. ಮುದುಕಿ ಅದರ ಹಿಂದೆ ಓಡಿದಳು.

ಬರೀ ನೋಡುವುದರಿಂದ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನನಗೆ ಬೇಕಾಗಿದ್ದು ಅವು ಮನೆ ಯಾವಾಗ ಬಿಡುತ್ತವೆ ಎಂಬುದು. ಹಾಗಾಗಿ ಕುಡುಗೋಲು ತಂದು, ಒಂದೇ ಗಿಡದಿಂದ ಮೂರು ಟೊಂಗೆ ಕಡಿದೆ. ಒಂದನ್ನು ಬಿಸಿಲಿನಲ್ಲಿ ಬೋಳು ಬಂಡೆಯ ಮೇಲೆ ಇಟ್ಟೆ. ಒಂದನ್ನು ಅದೇ ಗಿಡದ ನೆರಳಿನಲ್ಲಿ, ಕವಲಿಗೆ ಸಿಕ್ಕಿಸಿ ತೂಗುಬಿಟ್ಟೆ. ಇನ್ನೊಂದನ್ನು ಸ್ವಲ್ಪ ದೂರದ ಬೇರೆ ಹೊಟ್ಟೆಜಾಲಿಗೆ ಒರಗಿಸಿದೆ.

ಒರಗಿಸಿದ್ದರಲ್ಲಿ ಅವತ್ತೇ ಯುದ್ಧ ನಡೆಯಿತು. ಆ ಗಿಡದ ಇರುವೆ, ಈ ಟೊಂಗೆಯ ಇರುವೆ ಒಂದೇ ಜಾತಿ, ಒಂದೇ ಬಣ್ಣ. ಆದರೂ ಒಂದರ ಕಾಲು ಒಂದು ಹಿಡಿದೆಳೆದವು. ಬುಡದಲ್ಲಿ ಸತ್ತವು ರಾಗಿ ಚೆಲ್ಲಿದ ಹಾಗೆ ಬಿದ್ದಿದ್ದವು. ಬಿಸಿಲಿನ ಬಂಡೆಯ ಮೇಲಿನವು ಮರುದಿನ ಮಧ್ಯಾಹ್ನದೊಳಗೆ ಮರಿ ಹೊತ್ತುಕೊಂಡು ಖಾಲಿ ಮಾಡಿದವು. ನೆರಳಿನಲ್ಲಿ ತೂಗುಬಿಟ್ಟದ್ದರ ಎಲೆ ಪೂರ್ತಿ ಉದುರಿತು, ಕಡ್ಡಿ ಒಣಗಿತು, ಇರುವೆ ಮಾತ್ರ ಹೋಗಲಿಲ್ಲ. ದಿನ ದಿನ ಹೋಗಿ ತಟ್ಟಿ ನೋಡಿದೆ. ತಟ್ಟಿದರೆ ಹೊರಗೆ ಬಂದು ಬಾಲ ಎತ್ತುತ್ತಿದ್ದವು.

ಅಲ್ಲಿಗೆ ನನಗೆ ಅರ್ಥವಾಯಿತು. ಮುಳ್ಳು ಒಣಗಿತು ಅಂತ ಅವು ಬಿಟ್ಟು ಹೋಗುವುದಿಲ್ಲ, ಮುಳ್ಳು ಸುಡುತ್ತದೆ ಅಂತ ಹೋಗುತ್ತವೆ. ನೆರಳಿದ್ದರೆ ಒಣ ಮುಳ್ಳೂ ಮನೆಯೇ.

ತೋಟಕ್ಕೆ ಬಂದವಳೇ ಬೇಲಿಯ ಮುಳ್ಳು ಒಡೆದು ನೋಡಿದೆ. ಬಿಸಿಲಿನ ಕಡೆಯವೆಲ್ಲ ಖಾಲಿ. ಸಾಲು ಸಾಲು ಖಾಲಿ ಮನೆ. ಇರುವೆಗಳಿಗೆ ಅಂಜೂರದ ತೂತಿಗಿಂತ ಈ ಮುಳ್ಳೇ ಇಷ್ಟವಾಗಿರಬೇಕು, ಹುಟ್ಟಿದ್ದೇ ಅದರಲ್ಲಿ. ಇವನ್ನೇ ಅಂಜೂರದ ನೆರಳಿಗೆ ತಂದು ಕಟ್ಟಿ, ತೂತಿನಲ್ಲಿ ಇರಲಾಗದ ಹಾಗೆ ಮಾಡಿದರೆ? ಮುಳ್ಳಿಗೆ ಬಂದು ಹೊಕ್ಕ ಮೇಲೆ ಮನೆಯ ಸಮೇತ ಎತ್ತಿಕೊಂಡು ಹೋದರೆ?

ಆದರೆ ಗಿಡಕ್ಕೆ ಒಂದು ಹೊರೆ ಮುಳ್ಳು ಬೇಕು. ಮುಳ್ಳು ಇರುವುದು ಬೇಲಿಯಲ್ಲಿ. ಗುಡ್ಡದಿಂದ ಹೊಸದನ್ನು ತಂದರೆ ಅದರಲ್ಲಿ ಬೇರೆ ಇರುವೆ ಇರುತ್ತವೆ, ಬಂಡೆಯ ಮೇಲೆ ಒಣಗಿಸಿ ಖಾಲಿ ಮಾಡಿಸಿದರೂ ಅಷ್ಟನ್ನು ತರಲು ಬಂಡಿಯಿಲ್ಲ. ಬೇಲಿ ಕಿತ್ತರೆ, ಕಾಯಿ ದಪ್ಪವಾಗುವ ಹೊತ್ತಿನಲ್ಲಿ ತೋಟ ಬಾಯಿ ತೆರೆದು ನಿಲ್ಲುತ್ತದೆ. ಹಂದಿ ಬರುತ್ತವೆ, ನರಿ ಬರುತ್ತದೆ. ಒಳಗಿನ ಚೆನ್ನಾಗಿದ್ದ ಸಾಲುಗಳೂ ಹೋಗಬಹುದು. ಆ ದಿನ ಬಾವಿಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಾ ಯೋಚಿಸಿದೆ. ಬೇಲಿ ಇಟ್ಟುಕೊಂಡರೆ ಇರುವೆ ತೋಟ ತಿನ್ನುವುದು ಖಂಡಿತ. ಕಿತ್ತರೆ ಹಂದಿ ತಿನ್ನಬಹುದು, ತಿನ್ನದೆಯೂ ಇರಬಹುದು. ರೊಟ್ಟಿ ಮುಗಿಸಿ, ಕೆರ ಹಾಕಿಕೊಂಡು, ಬೇಲಿ ಕೀಳಲು ಶುರು ಮಾಡಿದೆ.

ಅತ್ತೆ ಓಡಿ ಬಂದಳು.

"ತಲಿ ಕೆಟ್ಟೈತೇನ ನಿನಗ? ಬೇಲಿ ಯಾಕ ಕೀಳಾಕತ್ತೀ?"

"ಗಿಡಕ್ಕ ಕಟ್ಟಾಕ."

"ಮುಳ್ಳಿನಿಂದ ಬಂದ ರೋಗಕ್ಕ ಮತ್ತ ಮುಳ್ಳು ಕಟ್ತಾಳಂತ! ಗೌಡ್ರು ನೋಡಿದ್ರ ಇವತ್ತ ಹೊರಗ ಹಾಕ್ತಾರ."

"ಶಿವರಾತ್ರಿಗೆ ಹೆಂಗೂ ಹಾಕ್ತಾರ. ನೀ ಆ ಕಡೆ ಹಿಡಿ."

ಬೈಯುತ್ತಲೇ ಹಿಡಿದಳು. ಅತ್ತೆಯ ಗುಣ ಅದು, ಬಾಯಿ ಒಂದು ಕಡೆ, ಕೈ ಇನ್ನೊಂದು ಕಡೆ.

ಮೊದಲು ಮುಳ್ಳಿನ ಹೊರೆಗಳನ್ನು ಗಿಡದ ಬುಡದಲ್ಲಿ ಇಟ್ಟೆ. ಒಂದು ಇರುವೆಯೂ ಬರಲಿಲ್ಲ. ಬುಡಕ್ಕೆ ನಾವೇ ಅಂಟಿನ ಪಟ್ಟಿ ಸುತ್ತಿದ್ದೇವೆ, ಅವು ಇಳಿಯುವುದು ಹೇಗೆ ಎಂಬುದು ಹೊಳೆಯಲು ಒಂದು ದಿನ ಬೇಕಾಯಿತು. ಆಮೇಲೆ ಹೊರೆಗಳನ್ನು ಪುಂಡಿನಾರಿನಿಂದ ಕವಲಿಗೆ ಕಟ್ಟಿದೆ, ಎಲೆಯ ನೆರಳು ಬೀಳುವ ಕಡೆ, ತೂತಿನ ಹತ್ತಿರ. ಹೊಗೆಸೊಪ್ಪಿನ ನೀರನ್ನು ಸಣ್ಣ ಗಿಂಡಿಯಿಂದ ತೂತಿಗೆ ನಿಧಾನವಾಗಿ ಹೊಯ್ದೆ. ಒಳಗಿನಿಂದ ಇರುವೆ ಉಕ್ಕಿದವು. ಎಲ್ಲ ಹೊರಗೆ ಬಂದವು ಅನ್ನಿಸಿದ ಮೇಲೆ ಸಗಣಿ ಮಣ್ಣು ಕಲಸಿ ತೂತು ಮೆತ್ತಿದೆ. ಮರಿಗಳನ್ನು ಕಚ್ಚಿಕೊಂಡು ಟೊಂಗೆಯ ಮೇಲೆ ಅತ್ತಿತ್ತ ಓಡಾಡಿದವು. ಸಂಜೆಯ ಹೊತ್ತಿಗೆ ಮುಳ್ಳಿನ ಕಡೆಗೆ ಸಾಲು ಕಟ್ಟಿದವು. ಬೆಳಿಗ್ಗೆ ಥಂಡಿಯಲ್ಲಿ ಎಲ್ಲ ಒಳಗಿದ್ದವು. ಹೊರೆಯ ಮೇಲೆ ಒದ್ದೆ ಗೋಣಿ ಹೊದಿಸಿ, ನಾರು ಕತ್ತರಿಸಿ ಕೆಳಗಿಳಿಸಿದೆ. ಒಲೆಯಿಂದ ಕೊಳ್ಳಿ ತಂದೆ.

ಅತ್ತೆ ಕೊಳ್ಳಿಗೂ ಹೊರೆಗೂ ನಡುವೆ ಬಂದು ನಿಂತಳು. ಅವಳು ಸೋಮವಾರ ತಪ್ಪಿಸದವಳು. ಪ್ರತಿ ಸೋಮವಾರ ಶಿವನಿಗೆ ಕೈಮುಗಿದು, ಇರುವೆ ಗೂಡಿಗೆ ಜೋಳದ ಹಿಟ್ಟು ಬೆಲ್ಲ ಹಾಕಿಯೇ ತಾನು ಉಣ್ಣುತ್ತಿದ್ದಳು.

"ಮರಿ ಮಕ್ಕಳನ್ನ ಬಾಯಾಗ ಹಿಡ್ಕೊಂಡು ಓಡಿದ್ದು ನಾನೂ ನೋಡೀನಿ," ಅಂದಳು. "ಸುಡಾಕ ಬಿಡಂಗಿಲ್ಲ."

"ಸುಡದ ಏನ್ ಮಾಡ್ಲಿ? ಬುತ್ತಿ ಕಟ್ಟಿ ಕಳಸ್ಲೇನು?"

"ಗುಡ್ಡಕ್ಕ ಬಿಟ್ಟು ಬರ್ತೀನಿ."

"ಎಲ್ಲಾ ಗಿಡದ ಹೊರಿ?"

"ಎಲ್ಲಾ ಗಿಡದ ಹೊರಿ."

"ಹೊತ್ಕೊಂಡು ಹೋಗು ಮತ್ತ," ಅಂದೆ. ಒಂದೆರಡು ದಿನ ಹೊತ್ತು ಸುಮ್ಮನಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ದಿನವೂ ಬೆಳಿಗ್ಗೆ ಒದ್ದೆ ಗೋಣಿಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಆ ವಯಸ್ಸಿನಲ್ಲಿ ಬಂಡೆ ಹತ್ತಿದಳು. ಕುತ್ತಿಗೆಯೆಲ್ಲ ಕಚ್ಚಿಸಿಕೊಂಡು ಬರುತ್ತಿದ್ದಳು. ನಾನು ಎಣ್ಣೆ ಹಚ್ಚಲು ಹೋದರೆ ಕೈ ಸರಿಸುತ್ತಿದ್ದಳು.

ಕೆಲಸ ಸರಿಯಾಗಿ ನಡೆಯುತ್ತಿದೆ ಅನ್ನುವಾಗ ನಡುವಿನ ಒಂದು ಸಾಲಿನಲ್ಲಿ ಇರುವೆ ಮುಳ್ಳಿಗೆ ಬರುವುದು ನಿಂತಿತು. ತೂತು ಮೆತ್ತಿದರೂ ತೊಗಟೆಯ ಬಿರುಕಿನಲ್ಲೇ ಗುಂಪುಗುಂಪಾಗಿ ಕೂತಿದ್ದವು. ಹೊಗೆಸೊಪ್ಪಿನ ನೀರು ಇನ್ನೂ ಖಾರ ಮಾಡಿದೆ, ಹೊರೆ ಬದಲಿಸಿದೆ, ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ಗಿಡದ ಮೇಲೆ ಬಿರುಕಿಗೆ ಮುಖ ಹಚ್ಚಿ ನೋಡಿದರೆ, ಬಿರುಕಿನ ತುಂಬ ಹಿಟ್ಟು ಬೆಲ್ಲ.

"ಅತ್ತೀ!"

"ಏನು?" ಜೋಪಡಿಯಿಂದ ದನಿ ಬಂತು.

"ಈ ಬೆಲ್ಲ ಯಾರು ಇಟ್ಟಿದ್ದು?"

"ಸೋಮವಾರ ಇತ್ತು," ಅಂದಳು. "ಮನಿ ಕಳ್ಕೊಂಡವ್ಕ ಒಂದ್ ತುತ್ತು ಹಾಕಿದ್ರ ನಿನ್ನ ಗಂಟೇನು ಹೋಗತೈತಿ?"

"ನನ್ನ ಗಂಟು ಹೋಗಂಗಿಲ್ಲ. ನಿನ್ನ ಮೊಮ್ಮಕ್ಕಳ ಮನಿ ಹೋಗತೈತಿ. ಯಾರಿಗೆ ತುತ್ತು ಹಾಕ್ತೀ, ಹೇಳು."

ಮುಂದಿನ ಸೋಮವಾರದ ಹಿಟ್ಟು ಬೆಲ್ಲವನ್ನು ಅವಳು ಬುಟ್ಟಿಯಲ್ಲಿಟ್ಟುಕೊಂಡು ಗುಡ್ಡಕ್ಕೆ ಹೋದಳು. ಅಲ್ಲೇ ಹಾಕಿ ಬಂದಳಂತೆ. ಆ ಸಾಲಿನ ಇರುವೆಗಳೂ ಮುಳ್ಳಿಗೆ ಬಂದವು.

ಕಾಯುವವರು ಹೋದ ಮೇಲೆ ಹುಳು ಅನಾಥವಾದವು. ಒರೆಸಿದ ತೊಟ್ಟು ಒರೆಸಿದ ಹಾಗೇ ಉಳಿಯಿತು. ಒರೆಸಲು ಕೈಗೆಟುಕದ ಕಡೆ ಕೆಂಪು ಬೆನ್ನಿನ ಗುಂಡು ಹುಳುಗಳು ಬಂದು ತಿಂದವು. ಅವನ್ನು ಇಷ್ಟು ದಿನ ಇರುವೆ ಹತ್ತಿರ ಬಿಟ್ಟಿರಲಿಲ್ಲ. ಹೊಸ ಎಲೆ ಮಸಿಯಿಲ್ಲದೆ ಬಂದವು.

ಹಂದಿಯೂ ಬಂದವು, ಬರದೆ ಇರುತ್ತವೆಯೇ. ನಾವು ಸರದಿಯ ಮೇಲೆ ತಗಡು ಬಡಿದು ಕಾದೆವು. ಆದರೂ ಒಮ್ಮೆ ನುಗ್ಗಿ ಬಾವಿಯ ಕಡೆಯ ಗಿಡಗಳ ಕೆಳಗಿನ ಟೊಂಗೆಗಳನ್ನೆಲ್ಲ ಮುರಿದವು. ಮೇಲಿನ ಕಾಯಿ ಉಳಿದವು. ಬೇಲಿ ಕಿತ್ತದ್ದಕ್ಕೆ ಅಷ್ಟು ಕೊಡಲೇಬೇಕಿತ್ತು ಅಂದುಕೊಂಡೆ.

ಎಲ್ಲ ಗಿಡಗಳೂ ಉಳಿಯಲಿಲ್ಲ. ಬೇಲಿಯ ಮೂಲೆಯಲ್ಲಿದ್ದವು ಎಲ್ಲಕ್ಕಿಂತ ಮೊದಲು ರೋಗ ಹಿಡಿದ ಗಿಡಗಳು. ಅವುಗಳ ಕಾಂಡ ಜರಡಿಯ ಹಾಗೆ ತೂತು. ಒಂದು ಮೆತ್ತಿದರೆ ಇನ್ನೊಂದರಿಂದ ಇರುವೆ ಬರುತ್ತಿದ್ದವು. ಎಷ್ಟು ಹೊರೆ ಕಟ್ಟಿದರೂ ಒಳಗೆ ಅರ್ಧ ಉಳಿಯುತ್ತಿದ್ದವು. ಅವು ಇರುವವರೆಗೂ ಮಿಕ್ಕ ತೋಟಕ್ಕೆ ಭಯ ತಪ್ಪಿದ್ದಲ್ಲ. ಆ ಗಿಡಗಳನ್ನು ನನ್ನ ಗಂಡ ನೆಟ್ಟಿದ್ದ, ನಮ್ಮ ಮದುವೆಯಾದ ವರ್ಷ. ಬಾವಿಯಿಂದ ಕೊಡದಲ್ಲಿ ನೀರು ತಂದು ಹಾಕಿದವಳು ನಾನು.

ಶಿವರಾತ್ರಿಯ ಜಾಗರಣೆ ಮುಗಿದು ಎರಡು ದಿನವಾಗಿತ್ತು. ಗೌಡರು ಬಂದರು. ಹಿಂದೆ ಅವರ ತಮ್ಮ, ಅವನ ಹಿಂದೆ ಕೊಡಲಿ ಹೊತ್ತ ನಾಲ್ಕಾರು ಮಂದಿ. ಬೇಲಿ ಇದ್ದ ಕಡೆ ಬರೀ ನೆಲ, ಅಂಜೂರದ ಗಿಡಗಳ ಮೇಲೆ ಅಲ್ಲಲ್ಲಿ ಮುಳ್ಳಿನ ಹೊರೆ.

"ಏನಣ್ಣಾ ಇದು, ಬೇಲಿ ಗಿಡದ ಮ್ಯಾಲೆ ಹತ್ತೈತಿ!" ಅಂತ ತಮ್ಮ ನಕ್ಕ. "ಹುಚ್ಚಿ ಕೈಯಾಗ ತೋಟ ಕೊಟ್ಟೀವಿ."

ನಾನು ಗೌಡರನ್ನು ಕರೆದುಕೊಂಡು ಸಾಲು ಸಾಲು ತೋರಿಸಿದೆ. ಎಲೆ ಮುಟ್ಟಿ ನೋಡಿದರು. ಬೆರಳಿಗೆ ಏನೂ ಅಂಟಲಿಲ್ಲ. ಕಾಯಿಗಳು ನೇರಳೆ ಬಣ್ಣಕ್ಕೆ ತಿರುಗುತ್ತಿದ್ದವು. ಹಣ್ಣಾಗಿದ್ದ ಒಂದನ್ನು ಕಿತ್ತು ಸೀಳಿ ಕೊಟ್ಟೆ. ತಿಂದರು. ಬಳ್ಳಾರಿಯ ಕೌಲ್ ಬಜಾರಿನ ಹಣ್ಣಿನ ವ್ಯಾಪಾರಿ ಹಿಂದಿನ ದಿನ ಬಂದು ನೋಡಿ, ಯುಗಾದಿಯವರೆಗೂ ಬುಟ್ಟಿ ತನಗೇ ಕಳಿಸಬೇಕೆಂದು ಹೇಳಿ ಹೋದದ್ದನ್ನೂ ತಿಳಿಸಿದೆ. ಇರುವೆ, ಹುಳು, ಮುಳ್ಳು ಎಲ್ಲ ಹೇಳಿದೆ, ಹಂದಿ ತಿಂದದ್ದನ್ನೂ ಬಿಡಲಿಲ್ಲ.

ಗೌಡರು ಮೂಲೆಯ ಕಡೆ ನೋಡಿದರು. ಅಲ್ಲಿ ಇನ್ನೂ ಕಪ್ಪು ಎಲೆ.

"ಎಲ್ಲಾ ವಾಸಿ ಆಗೈತಿ ಅಂತೀ. ಅದೇನದು?"

"ಅವು ಆಗಿಲ್ರಿ," ಅಂದೆ. "ಆಗಂಗೂ ಇಲ್ಲ. ಕೊಡ್ಲಿ ತಂದೀರಲ್ಲ, ಅವನ್ನ ಕಡಸ್ರಿ. ಬುಡ ಸಮೇತ ಕಿತ್ತು ಇವತ್ತ ದೂರ ಒಯ್ಯಬೇಕು."

ಅವರು ನನ್ನ ಮುಖ ನೋಡಿದರು. ಅಳುತ್ತೇನೆ, ಕಾಲಿಗೆ ಬೀಳುತ್ತೇನೆ ಅಂದುಕೊಂಡು ಬಂದಿದ್ದರೋ ಏನೋ.

"ಅವು ನಿನ್ನ ಗಂಡ ಹಚ್ಚಿದ ಗಿಡ ಅಲ್ಲೇನು?"

"ಹೌದ್ರಿ. ಅದಕ್ಕ ನಾನ ಹೇಳಾಕತ್ತೀನಿ. ನೀವು ಹೇಳಿದ್ರ ಅತ್ತಿ ಕೇಳಂಗಿಲ್ಲ."

ಅತ್ತೆ ಜೋಪಡಿಯ ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಗೌಡರು ಕೊಡಲಿಯವರನ್ನು ಕರೆದು ಮೂಲೆ ತೋರಿಸಿದರು. "ಅಷ್ಟ ಕಡೀರಿ," ಅಂದರು. ತಮ್ಮ ಬಾಯಿ ತೆಗೆಯಲು ಹೋದ. ಅವನ ಕಡೆ ತಿರುಗದೆಯೇ, "ಉಳಿದದ್ದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಅದನ್ನ ಆಕಿ ನೋಡ್ಕೋತಾಳ," ಅಂದರು.

ಅಂಜೂರದ ಕಟ್ಟಿಗೆ ಮೆದು, ಕಡಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಹಾಲು ಮೈಗೆ ಸಿಡಿದು ಕೊಡಲಿಯವರು ಕೆರೆದುಕೊಂಡರು. ಅವರಿಗೆ ಕೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟು, ಬುಡಗಳನ್ನು ಅಗೆಯಲು ಹಾರೆ ತರಲು ಹೋದೆ.